ಮಲ್ಲಮ್ಮ ಹಿಂದಿನ ಚಕ್ರ ಆಗಿದ್ದಾಗ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗ್ ಕೆಳಗೆ ಕಸದ ಗಾಡಿ ರಿವರ್ಸ್ ತಗೊಳ್ತಿತ್ತು. ಪೀಂ, ಪೀಂ, ಪೀಂ. ನಾನು ಗ್ಯಾಸಿನ ಮುಂದೆ ನಿಂತು ಉಪ್ಪಿಟ್ಟು ತಿರುವ್ತಿದ್ದೆ. ಆ ಸದ್ದು ಕಿವಿಗೆ ಬಿದ್ದದ್ದೇ ಸೈ, ನನ್ನ ಬಾಯಿಂದಲೂ ಪೀಂ ಪೀಂ ಹೊರಟಿತು, ಸೌಟು ಹಿಡ್ಕೊಂಡೇ ನಾಲ್ಕು ಹೆಜ್ಜೆ ಹಿಂದೆ ಹೋಗಿ ಫ್ರಿಜ್ಜಿಗೆ ಡಿಕ್ಕಿ ಹೊಡೆದೆ. ಪೇಪರ್ ಓದ್ತಿದ್ದ ನಮ್ಮವರು ತಲೆ ಕೂಡ ಎತ್ತದೆ, "ಎಂತ, ಮತ್ತೆ ಶುರುವಾಯ್ತಾ?" ಅಂದ್ರು.

ನಗಬೇಡಿ ಮಾರಾಯ್ರೇ. ನಾನು ಎರಡು ತಿಂಗಳು ಹಾರ್ನ್ ಆಗಿ ಕೆಲಸ ಮಾಡಿದವಳು.

ಫೋರ್ಕ್‌ಲಿಫ್ಟ್ ಅಂತ ಒಂದು ಗಾಡಿ ಉಂಟಲ್ಲ? ಗೋಡೌನಿನಲ್ಲಿ ಎರಡು ಕಬ್ಬಿಣದ ಕೋಲು ಮುಂದೆ ಚಾಚ್ಕೊಂಡು, ಮೂಟೆ ಪೇರಿಸಿದ ಹಲಗೆಯ ಅಡಿಗೆ ತೂರಿಸಿ, ಎತ್ತಿ ಮೇಲಿನ ಅಟ್ಟಕ್ಕೆ ಇಡ್ತದಲ್ಲ, ಅದು. ಅದನ್ನು ಓಡಿಸೋದು ಗಂಡಸರ ಕೆಲಸ ಅಂತಲೇ ಲೆಕ್ಕ. ಎರಡು ವರ್ಷದ ಹಿಂದೆ ಮುಂಬೈ ಹತ್ತಿರದ ಕಲ್ಯಾಣ್‌ನ ಒಂದು ಮದುವೆ ಹಾಲ್‌ನಲ್ಲಿ ಹೆಂಗಸರಿಗೆ ಅದನ್ನು ಕಲಿಸುವ ಕ್ಲಾಸು ಶುರುವಾಯ್ತು. ಎಂಟು ಜನ ಸೇರಿದ್ರು, ಎಲ್ಲ ಕಲಬುರಗಿ, ರಾಯಚೂರು ಕಡೆಯವರು, ಎಲ್ಲ ಮೂಟೆ ಹೊರುವವರು. ಅವರಿಗೆ ಹಿಂದಿ ಬರೋದಿಲ್ಲ, ಕನ್ನಡದಲ್ಲಿ ಹೇಳುವವರು ಬೇಕು ಅಂತ ನಮ್ಮ ಡೊಂಬಿವಿಲಿ ಮಹಿಳಾ ಮಂಡಲಕ್ಕೆ ಫೋನ್ ಬಂತು. ನಾನು ತಕ್ಷಣ ಹೂಂ ಅಂದೆ. ಗಾಡಿ ಬಗ್ಗೆ ಗೊತ್ತಾ ಅಂತ ಯಾರೂ ಕೇಳಲಿಲ್ಲ. ನನ್ನ ಧ್ವನಿ ದೊಡ್ಡದು, ಅಷ್ಟೇ ಅರ್ಹತೆ.

ಉದ್ಘಾಟನೆಗೆ ಒಂದು ಫೋರ್ಕ್‌ಲಿಫ್ಟ್ ಬಂತು. ಕೋಲಿಗೆ ಗೊಂಡೆ ಹಾರ, ಚಕ್ರದಡಿಗೆ ನಿಂಬೆಹಣ್ಣು, ಮೇಲೆ ಮುಖ್ಯ ಅತಿಥಿ. ಹಳದಿ ಹೆಲ್ಮೆಟ್ ಹಾಕಿದ ಎಂಟು ಜನ ಸುತ್ತ ನಿಂತು ಫೋಟೋ ಆಯ್ತು. ಸಮೋಸ ಮುಗಿಯುವ ಮೊದಲೇ ಗಾಡಿಯ ಮಾಲಕ ಬಂದು ಅದನ್ನು ವಾಪಸ್ ತಗೊಂಡು ಹೋದ. ಮೂರು ಗಂಟೆಯ ಬಾಡಿಗೆಗೆ ತಂದದ್ದಂತೆ.

"ಗಾಡಿ ಯಾವಾಗ ಬರ್ತದೆ?" ಅಂತ ಆಯೋಜಕರನ್ನು ಕೇಳಿದೆ.

"ಪ್ರೊಸೆಸ್ ಚಾಲು ಹೈ, ಮೇಡಂ."

ಆ ಪ್ರೊಸೆಸ್ಸು ಎರಡು ತಿಂಗಳೂ ಚಾಲು ಇತ್ತು.

ಕಲಿಸ್ಲಿಕ್ಕೆ ಬಂದವರು ಸಾವಂತ್ ಸರ್. ಗೋಡೌನ್ ಸೂಪರ್‌ವೈಸರ್ ಆಗಿ ರಿಟೈರ್ ಆದವರು, ಮೀಸೆಯಲ್ಲೂ ಶಿಸ್ತು ಇರುವ ಮನುಷ್ಯ. ಗಾಡಿ ಇಲ್ಲ ಅಂತ ಪಾಠ ಬಿಡುವವರಲ್ಲ. ಎರಡನೇ ದಿನ ಎರಡು ಬಿದಿರು, ಒಂದು ಊಟದ ತಟ್ಟೆ, ಒಂದು ಹಳೇ ಸೀರೆ ಹಿಡ್ಕೊಂಡು ಬಂದ್ರು. "ಗಾಡಿ ನಹೀ ತೋ ಕ್ಯಾ ಹುವಾ? ತುಮ್ ಗಾಡಿ ಬನೋ!" ನೀವೇ ಗಾಡಿ ಆಗಿ ಅಂತ.

ಆದ್ರು. ಒಬ್ಬಳು ಎರಡೂ ಕಂಕುಳಲ್ಲಿ ಬಿದಿರು ಸಿಕ್ಕಿಸ್ಕೊಂಡು ಮುಂದೆ. ಅವಳ ಸೊಂಟಕ್ಕೆ ಸುತ್ತಿದ ಸೀರೆಯ ತುದಿ ಬಿಗಿಯಾಗಿ ತನ್ನ ಸೊಂಟಕ್ಕೂ ಕಟ್ಕೊಂಡು, ತಟ್ಟೆಯನ್ನು ಸ್ಟೇರಿಂಗಿನ ಹಾಗೆ ತಿರುಗಿಸ್ತಾ ಇನ್ನೊಬ್ಬಳು ಹಿಂದೆ. ಸುಮ್ಮನೆ ಆಟ ಅಲ್ಲ. ಕಾರು ಮುಂದಿನ ಚಕ್ರದಿಂದ ತಿರುಗ್ತದೆ, ಈ ಗಾಡಿ ಹಿಂದಿನ ಚಕ್ರದಿಂದ. ಎಡಕ್ಕೆ ತಿರುಗ್ಬೇಕಾದ್ರೆ ಹಿಂಭಾಗ ಬಲಕ್ಕೆ ಬೀಸ್ತದೆ. ಹಾಗಾಗಿ ಮುಂದಿನವಳು ತಾನಾಗಿ ತಿರುಗ್ಬಾರ್ದು, ಹಿಂದಿನವಳು ಸರಿದು ಅವಳನ್ನು ತಿರುಗಿಸ್ಬೇಕು. ರಿವರ್ಸಿಗೆ ಹಾರ್ನ್ ಬೇಕಲ್ಲ? ಸಾವಂತ್ ಸರ್ ಸುತ್ತ ನೋಡಿದ್ರು. ಖಾಲಿ ನಿಂತಿದ್ದವಳು ನಾನೊಬ್ಬಳೇ.

ಮಲ್ಲಮ್ಮ ಯಾವಾಗಲೂ ಹಿಂದಿನ ಚಕ್ರ. ಆಳಂದದ ಕಡೆಯವಳು, ನಲವತ್ತರ ಹತ್ತಿರ, ಗಟ್ಟಿ ಆಳು. ಆದರೆ ಕುತ್ತಿಗೆ ಹೋಗಿತ್ತು. ಇನ್ನು ಭಾರ ಹೊತ್ತರೆ ಕೈ ಸ್ವಾಧೀನ ತಪ್ತದೆ ಅಂತ ಡಾಕ್ಟರ್ ಹೇಳಿಬಿಟ್ಟಿದ್ರು. ಬೇರೆ ಕೆಲಸ ಅವಳಿಗೆ ಗೊತ್ತಿಲ್ಲ. ಮೊದಲ ದಿನವೇ ನನಗೆ ಹೇಳಿದ್ಳು: "ನಿಂತು ಹೊತ್ತಿದ್ದು ಸಾಕಾತ್ರಿ ಅಕ್ಕೋರ. ಇನ್ನ ಕುಂತು ಹೊರಬೇಕು. ಇಲ್ಲಾಂದ್ರ ನಾ ಏನ್ ತಿನ್ಲಿ?"

ನಾನು ಜೀವ ತೇದು ಅನುವಾದ ಮಾಡ್ತಿದ್ದೆ. ಸರ್ ಐದು ನಿಮಿಷ ಬ್ಯಾಲೆನ್ಸ್ ಬಗ್ಗೆ ಹೇಳಿದ್ರೆ, ನಾನು ಹತ್ತು ನಿಮಿಷ "ಭಾರದ ಕೇಂದ್ರಬಿಂದು" ಅಂತ ವಿವರಿಸ್ತಿದ್ದೆ. ಎಂಟೂ ಜನ ಕರುಣೆಯಿಂದ ನನ್ನನ್ನು ನೋಡ್ತಿದ್ರು. ಕೊನೆಗೆ ಮಲ್ಲಮ್ಮ, "ಚೀಲ ಮುಂದ ವಾಲಿದ್ರ ನೀನೂ ಮುಂದ ಬೀಳ್ತಿ ಅಂತ ಅಷ್ಟ" ಅಂದು ಮುಗಿಸ್ತಿದ್ದಳು. ಒಂದು ದಿನ ಆ ಮದುವೆ ಹಾಲ್‌ನಲ್ಲಿ ಯಾರದ್ದೋ ನಿಶ್ಚಿತಾರ್ಥ. ಸರ್ ಕ್ಲಾಸು ಬಿಡಲಿಲ್ಲ. ನಮ್ಮ ಮನುಷ್ಯ ಫೋರ್ಕ್‌ಲಿಫ್ಟು ಹುಡುಗಿ ಕಡೆಯವರ ಲಾಡು ಡಬ್ಬಿಗಳನ್ನು ಬಿದಿರಿನ ಮೇಲೆ ಎತ್ಕೊಂಡು ವೇದಿಕೆವರೆಗೆ ಹೋಯ್ತು, ಹಿಂದಿಂದ ನಾನು ಪೀಂ ಪೀಂ. ಒಬ್ಬ ಅಜ್ಜ ಇದು ಯಾವ ಜಾತಿಯ ಶಾಸ್ತ್ರ ಅಂತ ಕೇಳಿದ್ರು.

ಆಮೇಲೆ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗೋಡೌನಿನಿಂದ ಟೆಸ್ಟಿಗೆ ಕರೆ ಬಂತು. ಇದ್ದದ್ದು ಒಂದೇ ಕೆಲಸ, ಸಾವಂತ್ ಸರ್ ಮಲ್ಲಮ್ಮನ ಹೆಸರು ಕೊಟ್ರು. ಮಲ್ಲಮ್ಮ ನಾಲ್ಕು ವರ್ಷ ಮೂಟೆ ಹೊತ್ತದ್ದು ಅದೇ ಗೋಡೌನಿನಲ್ಲಿ. ಎದುರಾಳಿಗಳು ಮೂವರು, ಇಬ್ಬರು ಟೆಂಪೋ ಡ್ರೈವರು, ಒಬ್ಬ ರಿಕ್ಷಾದವ. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಗಂಟೆ ನಿಜವಾದ ಗಾಡಿ ಕೊಟ್ರು. ಮಲ್ಲಮ್ಮ ಜೀವನದಲ್ಲಿ ಮೊದಲ ಸಲ ಹತ್ತಿ ಕೂತಳು. ಉಳಿದ ಏಳು ಜನ, ಸಾವಂತ್ ಸರ್, ನಾನು ಬಾಗಿಲಲ್ಲಿ.

ಗಂಡಸರು ಮೂವರೂ ಬುರ್ರಂತ ಹೋದ್ರು, ತಿರುಗಿಸುವಾಗ ಮೂವರೂ ಹಿಂಭಾಗದಿಂದ ಅಟ್ಟದ ಕಂಬಕ್ಕೆ ಗುದ್ದಿದ್ರು. ಮುಂದಿನ ಚಕ್ರದ ಅಭ್ಯಾಸ ಅವರದ್ದು. ಮಲ್ಲಮ್ಮ ಹಾಗಲ್ಲ. ತಿರುವು ಬಂದಾಗ ಸೀಟಿನ ಮೇಲೇ ಅಂಡನ್ನು ಬಲಕ್ಕೆ ಸರಿಸಿದ್ಳು. ಗಾಡಿಗೂ ಅದೇ ಬೇಕಿತ್ತು ಅನ್ನೋ ಹಾಗೆ ಸುಯ್ಯಂತ ಎಡಕ್ಕೆ ತಿರುಗಿತು. ರಿವರ್ಸಿನಲ್ಲಿ ಗಾಡಿ ತಾನೇ ಪೀಂ ಅಂದಿತು, ಬಾಗಿಲಲ್ಲಿ ನಾವು ಒಂಬತ್ತು ಜನ ಕೂಡ ಪೀಂ ಅಂದ್ವಿ. ಮ್ಯಾನೇಜರು ಗಾಬರಿ ಬಿದ್ದು, "ಯೇ ಲೋಗ್ ಕೌನ್ ಹೈ?" ಅಂದ್ರು.

ಆಮೇಲೆ ಮಲ್ಲಮ್ಮ, ಸಾವಂತ್ ಸರ್, ನಾನು, ನಮ್ಮ ಮೂವರನ್ನು ಗಾಜಿನ ಕ್ಯಾಬಿನ್ನಿಗೆ ಕರೆದು ಕೂರಿಸಿದ್ರು. ಹಿಂದಿಯಲ್ಲಿ, ನನ್ನ ಮುಖ ನೋಡ್ಕೊಂಡು ಹೇಳಿದ್ರು: ಈ ಹೆಂಗಸು ಗಾಡಿ ಚೆನ್ನಾಗಿ ಓಡಿಸ್ತಾಳೆ, ಆದರೆ ಗೋಡೌನಿನಲ್ಲಿ ಲೇಡೀಸ್ ಟಾಯ್ಲೆಟ್ ಇಲ್ಲ. ಲೇಡೀಸನ್ನು ಇಟ್ಟುಕೊಳ್ಳೋದು ಹೇಗೆ? ಆಗೋದಿಲ್ಲ.

ನಾನು ಮಲ್ಲಮ್ಮನ ಕಡೆ ತಿರುಗಿ ನಗ್ತಾ, "ತುಂಬ ಒಳ್ಳೇದಾಯ್ತಂತೆ, ಫೋನ್ ಮಾಡಿ ತಿಳಿಸ್ತಾರಂತೆ" ಅಂದೆ.

"ಅಕ್ಕೋರ, ಅವ್ರು ಹಂಗ ಅಂದಿಲ್ಲ."

ಅಷ್ಟು ನನಗೆ ಹೇಳಿ, ಮ್ಯಾನೇಜರಿಗೆ ಶುರು ಮಾಡಿದ್ಳು ನೋಡಿ, ಖಡಕ್ ಮುಂಬೈ ಹಿಂದಿ. "ಸಾಬ್, ಚಾರ್ ಸಾಲ್ ಇಧರ್ ಬೋರಾ ಉಠಾಯಾ ಮೈ. ತಬ್ ಮೈ ಲೇಡೀಸ್ ನಹೀ ಥೀ ಕ್ಯಾ? ನಾಲ್ಕು ವರ್ಷ ಇಲ್ಲಿ ಮೂಟೆ ಹೊರುವಾಗ ನಾನು ಹೆಂಗಸಾಗಿರಲಿಲ್ವಾ? ಟಾಯ್ಲೆಟ್ಟಿಗೆ ಮೂರು ಗಲ್ಲಿ ಆಚೆ ಹೋಗ್ಬೇಕಿತ್ತು, ಹೋದ್ರೆ ಅರ್ಧ ಹಾಜರಿ ಕಟ್. ಅದಕ್ಕೆ ಸಂಜೆವರೆಗೂ ನೀರೇ ಕುಡೀತಿರಲಿಲ್ಲ. ಹೊತ್ಕೊಂಡು ನಿಂತಾಗ ಬೇಡದ ಟಾಯ್ಲೆಟ್ಟು, ಕೂತ ತಕ್ಷಣ ಬೇಕಾಯ್ತಾ?" ಪೂರ್ತಿ ಹಿಂದಿಯಲ್ಲೇ ಅಂದದ್ದು. ನಾನು ಅಭ್ಯಾಸಬಲದಿಂದ ಮನಸ್ಸಿನಲ್ಲೇ ಕನ್ನಡ ಮಾಡ್ಕೊಳ್ತಿದ್ದೆ.

ಮ್ಯಾನೇಜರು ಪೆನ್ನಿನ ಕ್ಯಾಪು ತೆಗೆದ್ರು, ಹಾಕಿದ್ರು. "ಬನಾಯೇಂಗೆ. ಪ್ರೊಸೆಸ್..." ಕಟ್ಟಿಸ್ತೇವೆ ಅಂದ್ರು, ಅಷ್ಟೇ. ಸಾವಂತ್ ಸರ್ ಮೇಜಿಗೆ ಗುದ್ದಿ ಎದ್ದು ನಿಂತ್ರು. "ಪ್ರೊಸೆಸ್ ನಹೀ! ಈಂಟ್ ಮಂಗಾವೋ!" ಇಟ್ಟಿಗೆ ತರಿಸಿ, ಇವತ್ತೇ!

"ತರಿಸ್ರಿ," ಅಂದ್ಳು ಮಲ್ಲಮ್ಮ ತಣ್ಣಗೆ, ಈ ಸಲ ಕನ್ನಡದಲ್ಲಿ. "ನಾನ ಇಳಿಸ್ತೀನಿ."

ಹೊರಗೆ ಬಂದು ನಾನು ಕೇಳಿದೆ, "ನಿನಗೆ ಹಿಂದಿ ಬರ್ತದಾ?"

"ಬಂದು ಹನ್ನೆರಡು ವರ್ಷ ಆತಲ್ರಿ. ನಮಗೆಲ್ಲಾರಿಗೂ ಬರ್ತದ."

"ಮತ್ತೆ ಎರಡು ತಿಂಗಳು ನಾನು..."

"ನೀವು ದಿನಾ ಆ ಲೋಕಲ್ ಟ್ರೇನ್‌ನ್ಯಾಗ ಜಗ್ಗಾಡ್ಕೋತ ಬರ್ತಿದ್ರಿ. ಬ್ಯಾಡ ಅಂತ ಹೆಂಗ ಅನ್ನೂದ್ರಿ? ಹಾರ್ನ್ ಮಾತ್ರ ಛಲೋ ಹೊಡೀತಿದ್ರಿ."

ಹದಿನೈದು ದಿನಕ್ಕೆ ಇಟ್ಟಿಗೆ ಬಂತು. ಮಲ್ಲಮ್ಮ ಎತ್ತಿದ ಮೊದಲ ಲೋಡು ಅದು. ಎರಡನೆಯದ್ದು ಬಿಳಿ ಕಮೋಡು, ಹಲಗೆಯ ಮೇಲೆ ಒಂದೇ ಒಂದು, ದೇವರ ಹಾಗೆ ಮೆರವಣಿಗೆಯಲ್ಲಿ ಒಳಗೆ ಹೋಯ್ತು. ಉಳಿದ ಏಳು ಜನಕ್ಕೂ ಕೆಲಸ ಸಿಕ್ತು ಅಂತ ಬರೆದ್ರೆ ನೀವು ಹೃದಯದ ಚಿಹ್ನೆ ಒತ್ತುತ್ತೀರಿ, ಗೊತ್ತು. ಸಿಗಲಿಲ್ಲ. ಇಬ್ಬರಿಗೆ ಸಿಕ್ತು, ಐವರು ಇನ್ನೂ ಮೂಟೆ ಹೊರ್ತಾ ಇದ್ದಾರೆ.

ಉಪ್ಪಿಟ್ಟು ತಳ ಹಿಡೀತು. ಇಷ್ಟೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರ್ಲಿಕ್ಕಾಗದೆ ಮಧ್ಯಾಹ್ನ ಠಾಣೆ ಲೋಕಲ್ ಹಿಡಿದು ಆ ಗೋಡೌನಿಗೆ ಹೋದೆ. ತಲುಪುವಷ್ಟರಲ್ಲಿ ನನಗೂ ಅರ್ಜೆಂಟು. ಲೇಡೀಸ್ ಟಾಯ್ಲೆಟ್ ಮುಂದೆ ನೋಡ್ತೇನೆ, ಮ್ಯಾನೇಜರು ನಿಂತಿದ್ದಾರೆ, ಕಾಲು ಕತ್ತರಿ ಮಾಡ್ಕೊಂಡು. ಗಂಡಸರದ್ದು ಮೂಗು ಕೊಟ್ಟು ಹೋಗುವ ಹಾಗಿಲ್ಲವಂತೆ, ಇದೊಂದೇ ಕ್ಲೀನು. ಬೀಗದ ಚಾವಿ ಮಲ್ಲಮ್ಮನ ಸೊಂಟದಲ್ಲಿ.

"ಮಲ್ಲಮ್ಮಾಜೀ, ಚಾವಿ! ಪ್ಲೀಸ್!"

"ದೋ ಮಿನಿಟ್ ಸಾಬ್, ಲೋಡ್ ಊಪರ್ ಹೈ."

ಲೋಡು ಮೇಲಿದ್ದಾಗ ಡ್ರೈವರ್ ಸೀಟು ಬಿಡೋ ಹಾಗಿಲ್ಲ, ಅದು ರೂಲು. ಮೊದಲಿನ ನಾನಾದ್ರೆ ಮಧ್ಯೆ ಬಾಯಿ ಹಾಕಿ ಇಬ್ಬರಿಗೂ ಏನಾದ್ರೂ ಸಮಾಧಾನ ಹೇಳ್ತಿದ್ದೆ. ಈಗ ಬಾಯಿ ಮುಚ್ಕೊಂಡು ಮ್ಯಾನೇಜರ ಹಿಂದೆ ಲೈನು ಹಚ್ಚಿದೆ. ಮಲ್ಲಮ್ಮ ಅಲ್ಲಿಂದಲೇ ನಮ್ಮಿಬ್ಬರನ್ನೂ ನೋಡಿದ್ಳು, ನಕ್ಕಳು, ಆಮೇಲೆ ಲೋಡನ್ನು ನಿಧಾನಕ್ಕೆ, ಬಹಳ ನಿಧಾನಕ್ಕೆ ಕೆಳಗಿಳಿಸ್ತಾ ಬಂದ್ಳು.