ಗಿರಣಿಯಕ್ಕ ಬಿಟ್ಟುಕೊಟ್ಟ ಮಧ್ಯಾಹ್ನ

ಲಾರಿಯಿಂದ ಇಳಿಸುವಾಗ ಹಗ್ಗ ಹರಿದು ಮರ ಕೊಯ್ಯುವ ಮಿಷನ್ನು ರಸ್ತೆಗೆ ಉರುಳಬಹುದು. ಉರುಳದಿದ್ದರೂ ಬಾಗಿಲಲ್ಲಿ ತೂರದೆ ಸಿಕ್ಕಿಹಾಕಿಕೊಳ್ಳಬಹುದು. ತೂರಿದರೆ ನೆಲ ಕುಸಿಯಬಹುದು. ನೆಲ ತಡೆದುಕೊಂಡರೆ ಅದರ ಅದುರಾಟಕ್ಕೆ ಮೇಲಿನ ಶೀಟು ಕಳಚಬಹುದು. ಬ್ಲೇಡು ತುಂಡಾಗಿ ಹಾರಿ ಯಾರದಾದರೂ ಕುತ್ತಿಗೆಗೆ, ಬಹುಮಟ್ಟಿಗೆ ನನ್ನದಕ್ಕೇ, ಸುತ್ತಿಕೊಳ್ಳಬಹುದು. ಬೆರಳು ಹೋಗಬಹುದು. ಬೆರಳು ಉಳಿದು ಗಿರಾಕಿ ಹೋಗಬಹುದು. ಅರಣ್ಯ ಇಲಾಖೆಯ ಪರವಾನಗಿಯಲ್ಲಿ ನನ್ನ ಇನಿಷಿಯಲ್ಲು ತಪ್ಪಾಗಿರಬಹುದು. ಅಷ್ಟು ದೊಡ್ಡ ಮೋಟರು ಒಮ್ಮೆಲೇ ಎಳೆದರೆ ಬೀದಿಯ ಕರೆಂಟೆಲ್ಲ ಹೋಗಿ, ಯಾರದೋ ಮನೆಯಲ್ಲಿ ಹೆಣ್ಣು ನೋಡುವ ಹೊತ್ತಿಗೆ ಕತ್ತಲಾಗಿ, ಆ ಸಂಬಂಧವೇ ಮುರಿದುಬೀಳಬಹುದು.

ಇಷ್ಟನ್ನೂ ನಾನು ಒಂದೇ ಉಸಿರಿಗೆ ಹೇಳುತ್ತಿದ್ದಾಗ ಗಿರಣಿಯಕ್ಕ ಯಾರದೋ ರಾಗಿಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಿದ್ದಳು. ಅವಳ ಹುಬ್ಬು, ಕಣ್ಣಿನ ರೆಪ್ಪೆ, ಕಿವಿಯ ಓಲೆಯ ಸಂದು ಎಲ್ಲವೂ ಹಿಟ್ಟು. ಹಣೆಯ ಮೇಲೆ ವಿಭೂತಿ ಎಲ್ಲಿ ಮುಗಿಯುತ್ತದೆ, ಹಿಟ್ಟು ಎಲ್ಲಿ ಶುರುವಾಗುತ್ತದೆ ಎಂಬುದು ಅಷ್ಟು ವರ್ಷ ಪಕ್ಕದಲ್ಲಿದ್ದರೂ ನನಗೆ ಒಮ್ಮೆಯೂ ಗೊತ್ತಾಗಿರಲಿಲ್ಲ. ಆ ಬಿಳಿಯ ನಡುವೆ ಎರಡು ಕಪ್ಪು ಕಣ್ಣು ನನ್ನನ್ನೇ ನೋಡಿದವು.

"ಆಮ್ಯಾಕೆ?" ಅಂದಳು.

ಆಮೇಲೆ ಏನು ಎಂಬುದನ್ನು ಅವಳು ಹಾಗೆ ಕೇಳುತ್ತಿದ್ದಳು. ಎಂಥ ಗೋಳಿಗೂ ಅವಳ ಉತ್ತರ ಅದೊಂದೇ. ಸಮಾಧಾನ ಹೇಳುವ ಪೈಕಿ ಅಲ್ಲ. ನಾವು ಹೇಳಿದ್ದು ಆಗಿಯೇ ಹೋಯಿತು ಎಂದುಕೊಂಡು, ಮುಂದಿನದು ಕೇಳುವವಳು.

ಗುಂಡ್ಲುಪೇಟೆಯಲ್ಲಿ ತೆರಕಣಾಂಬಿ ರಸ್ತೆಯ ಬದಿಗೆ ನನ್ನ ಮರಗೆಲಸದ ಅಂಗಡಿ. ಪಕ್ಕದ ಕಟ್ಟಡ ಅವಳ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಮಾರು ಎಂದವರಿಗೆಲ್ಲ ಅವಳು ಆಮ್ಯಾಕೆ ಎಂದು ಕೇಳಿ, ಅವರಲ್ಲಿ ಉತ್ತರ ಇಲ್ಲದ್ದು ನೋಡಿ, ತಾನೇ ಬೆಲ್ಟು ಹಾಕಲು ಕಲಿತವಳು. ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾಗಿದ್ದರಿಂದ ಗುಟ್ಟನ್ನೂ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಹೇಳುತ್ತಿದ್ದಳು.

ನನ್ನ ಹತ್ತಿರ ಆಗ ಇದ್ದದ್ದು ಸಣ್ಣ ಬ್ಯಾಂಡ್‌ಸಾ, ಪಟ್ಟಿಗರಗಸದ ಮಿಷನ್. ಹಲಗೆಯ ಅಂಚು ತಿರುವಲು, ಕುರ್ಚಿಕಾಲು ಕೊಯ್ಯಲು ಸಾಕು. ದಿಮ್ಮಿ ಇಟ್ಟರೆ ಉಸಿರು ಕಟ್ಟುತ್ತಿತ್ತು. ಬಾಗಿಲುವಾಡಕ್ಕೆ ಬೇಕಾದ ಹಲಸು, ಬೇವು ಎಲ್ಲವನ್ನೂ ಚಾಮರಾಜನಗರದ ಸಾಮಿಲ್ಲಿಗೆ ಕಳಿಸಿ, ಕೊಯ್ಯಿಸಿ, ತರಿಸುವಷ್ಟರಲ್ಲಿ ಗಿರಾಕಿ ರೆಡಿಮೇಡ್ ಬಾಗಿಲು ಕೂರಿಸಿ ಗೃಹಪ್ರವೇಶವನ್ನೂ ಮುಗಿಸಿರುತ್ತಿದ್ದ. ಕಡೆಗೆ ಆ ಸಾಮಿಲ್ಲೂ ಬಾಗಿಲು ಹಾಕಿತು. ಅದರ ದೊಡ್ಡ ಬ್ಯಾಂಡ್‌ಸಾ ಮಾರಾಟಕ್ಕಿದೆ ಎಂದು ತಿಳಿಯಿತು. ಆಳೆತ್ತರ ಮೀರಿದ ಮಿಷನ್. ಮೇಲೊಂದು ಕೆಳಗೊಂದು ಗಾಡಿಚಕ್ರದಂಥ ಚಕ್ರ, ನಡುವೆ ಓಡುವ ಹಲ್ಲಿನ ಪಟ್ಟಿ. ನೋಡಿ ಬಂದವನಿಗೆ ಅನ್ನ ಸೇರಲಿಲ್ಲ.

"ಬೇಡ ಅನ್ನಿಸ್ತದೆ ಅಕ್ಕ" ಅಂದೆ.

"ಸರಿ, ತರಬ್ಯಾಡ. ಆಮ್ಯಾಕೆ?"

"ಇರೋದ್ರಲ್ಲೇ ಏನೋ ಮಾಡ್ಕೊಂಡು..."

"ದಿಮ್ಮಿ ಯಾರು ಕುಯ್ತಾರೆ? ನಿಮ್ಮಪ್ಪ ಬತ್ತಾನಾ ಮ್ಯಾಲಿಂದ?"

"ಕೊಯ್ಯೋರು ಸಿಗದಿದ್ರೆ ಅಂಗಡಿ ಮುಚ್ಚೋದು."

"ಆಮ್ಯಾಕೆ?"

ಮಿಷನ್ ತಂದರೆ ಏನೇನಾಗುತ್ತದೆ ಎಂದು ವಾರಗಟ್ಟಲೆ ಎಣಿಸಿದ್ದವನು, ತರದಿದ್ದರೆ ಏನಾಗುತ್ತದೆ ಎಂಬ ಕಡೆಗೆ ತಿರುಗಿಯೂ ನೋಡಿರಲಿಲ್ಲ.

"ಅದ್ಕೂ ಒಸಿ ಎದ್ರುಕೋ ಕಣ್ಲಾ" ಅಂದಳು ಅಕ್ಕ. "ಒಂದೇ ಕಡೀಕೆ ಎದ್ರುಕಂಡ್ರೆ ಕತ್ತು ಇಡ್ಕತದೆ."

ಹೀಗೆ ಮಿಷನ್ ಬರುವುದೆಂದಾಯಿತು. ಸುದ್ದಿಯನ್ನು ಹಿಟ್ಟಿಗೆ ಬಂದವರಿಗೆಲ್ಲ ಹಂಚಿದವಳು ಅಕ್ಕನೇ. 'ಸಾ' ಎಂಬ ತುಂಡು ಅವಳ ಕಿವಿಗೆ ಎಂದೂ ಬಿದ್ದಿರಲಿಲ್ಲವೋ, ಬಿದ್ದರೂ ಅದು 'ಸಾರ್' ಎನ್ನುವ ಬದಲು ಮರ್ಯಾದೆಗೆ ಹಚ್ಚುವ ಸಾ ಎಂದುಕೊಂಡಳೋ, ಅಂತೂ 'ನಮ್ ಪಕ್ಕದೋನು ದೊಡ್ಡ ಬ್ಯಾಂಡು ತರಿಸ್ತಾವ್ನೆ' ಎಂದು ಸಾರಿಬಿಟ್ಟಳು. ಒಂದು ಬೆಳಿಗ್ಗೆ ತೆರಕಣಾಂಬಿಯ ಯಜಮಾನರೊಬ್ಬರು ಹಿಟ್ಟಿನ ಚೀಲ ಹೊತ್ತು ನನ್ನ ಬಾಗಿಲಿಗೆ ಬಂದರು.

"ನಿಮ್ ಬ್ಯಾಂಡಲ್ಲಿ ಎಸ್ಟು ಜನ ಅವ್ರೆ?"

"ನಾನೊಬ್ಬನೇ" ಅಂದೆ. ಕೂಲಿಯವರ ಬಗ್ಗೆ ವಿಚಾರಣೆಗೆ ಬಂದ ಇಲಾಖೆಯವರು ಇರಬಹುದೆಂದು ಆಗಲೇ ಬೆವರಿದ್ದೆ.

"ಒಬ್ರೇ ಏನ್ ಊದೀರಿ?"

"ಊದೋದಿಲ್ಲ ಯಜಮಾನ್ರೆ, ಕುಯ್ತೀನಿ."

"ಓ, ಪಿಟೀಲಾ! ಬ್ಯಾಡ ಬುಡಿ, ನಮ್ ಮಗಳ ಮದ್ವೆಗೆ ಒಸಿ ಜೋರಾಗಿರೋದು ಬೇಕು" ಎಂದು ಹೊರಟೇಹೋದರು. ಅಕ್ಕ ಗಿರಣಿಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕಳು. ಅವಳು ನಕ್ಕರೆ ಹುಬ್ಬಿನಿಂದ ಹಿಟ್ಟು ಉದುರುತ್ತಿತ್ತು.

ಮಿಷನ್ ಬರುವ ದಿನ ನಾನು ಚಾಮರಾಜನಗರದಿಂದಲೇ ಲಾರಿಯ ಹಿಂದೆ ಬೈಕಿನಲ್ಲಿ ಬಂದೆ. ಬಿದ್ದರೆ ಕಾಣಬೇಕು, ಆದರೆ ನನ್ನ ಮೇಲೆ ಬೀಳಬಾರದು, ಅಷ್ಟು ದೂರದಲ್ಲಿ. ಅದು ಬೀಳಲಿಲ್ಲ. ಬಾಗಿಲಲ್ಲಿ ತೂರಿತು. ನೆಲ ಕುಸಿಯಲಿಲ್ಲ. ಪರವಾನಗಿಯಲ್ಲಿ ಇನಿಷಿಯಲ್ಲೂ ಸರಿಯಾಗಿತ್ತು. ಒಂದೊಂದೇ ಭಯ ಹೀಗೆ ಹುಸಿಯಾದಾಗ ನೆಮ್ಮದಿಯಾಗಬೇಕು. ನನಗೆ ಹಾಗಲ್ಲ, ಉಳಿದವು ಜಾಗ ಸಿಕ್ಕಿತೆಂದು ಇನ್ನಷ್ಟು ಉಬ್ಬಿದವು.

ಉಳಿದವುಗಳಲ್ಲಿ ದೊಡ್ಡದು ಕರೆಂಟು. ಲೈನ್‌ಮನ್ ಬಂದು ಮೋಟರು ನೋಡಿದ, ಕಂಬ ನೋಡಿದ, ಗಿರಣಿ ಕಡೆಗೂ ಒಮ್ಮೆ ನೋಡಿ ತಲೆ ಕೆರೆದುಕೊಂಡ.

"ಟ್ರಾನ್ಸ್‌ಫಾರ್ಮರ್ ಹಳೇದು ಸಾರ್. ಬೇರೆ ಹಾಕೋವರ್ಗೂ ಎರಡು ಮೋಟ್ರೂ ಒಟ್ಗೇ ಹಾಕ್ಬೇಡಿ. ಹಾಕುದ್ರೆ ನಿಮ್ದು ಹೊಸದು, ತಡ್ಕಂಡ್ರೂ ತಡ್ಕತದೆ. ಅಮ್ಮೋರದು ಸುಟ್ಟೋಯ್ತದೆ."

ಆ ಮೋಟರು ಸುಟ್ಟರೆ ಅವಳಿಗೆ ಇನ್ನೇನಿತ್ತು? ಮಿಷನ್ ವಾಪಸ್ ಕಳಿಸುತ್ತೇನೆ, ಲಾರಿಯವನು ಇನ್ನೂ ಟೀ ಅಂಗಡಿಯಲ್ಲೇ ಇರಬಹುದು ಎಂದು ಚಪ್ಪಲಿ ಮೆಟ್ಟಿದೆ. ಅಕ್ಕ ಅಡ್ಡ ನಿಂತಳು.

"ಬೆಳಿಗ್ಗೆ ನಂದು, ಸಂಜೆ ನಂದು. ಮಧ್ಯಾನ ನಿಂದು. ಉಂಡ್ಬುಟ್ಟು ನಾನು ಮಲೀಕತೀನಿ, ನೀನು ಕುಯ್ಕೋ."

"ಮಧ್ಯಾಹ್ನ ಬರೋ ಗಿರಾಕಿ?"

"ಸಂಜೀಕೆ ಬತ್ತಾರೆ. ಇಟ್ಟಿಲ್ದೆ ಎಲ್ಲಿಗೋದಾರು?"

"ನಿಮಗೆ ಯಾಕೆ ಅಕ್ಕ ನನ್ನಿಂದ ತೊಂದರೆ..."

"ಥೂ ನಿನ್ನ! ಆ ಕಡೆ ಮೊಬೈಲ್ ಅಂಗ್ಡಿ, ಈ ಕಡೆ ಮೊಬೈಲ್ ಅಂಗ್ಡಿ. ಎಲ್ಲಾ ಗಾಜು ಹಾಕ್ಕಂಡು ಸುಮ್ಗೆ ಕೂತವ್ರೆ. ನೀನೂ ಮುಚ್ಕಂಡೋದ್ರೆ ಈ ಬೀದಿಲಿ ನಾನೊಬ್ಳೇ ಸದ್ದು ಮಾಡ್ಕಂಡು ಕೂತಿರ್ಬೇಕಾ?"

ಲೈನ್‌ಮನ್ ನಕ್ಕ. ನಾನು ಚಪ್ಪಲಿ ಬಿಟ್ಟೆ.

ಮೊದಲ ಕೊಯ್ತದ ದಿನ ಪೂಜೆಯಾಯಿತು, ಬೂದುಗುಂಬಳ ಒಡೆದದ್ದಾಯಿತು. ಗಿರಾಕಿಯೊಬ್ಬರು ತಮ್ಮ ತೋಟದ ಹಲಸಿನ ದಿಮ್ಮಿ ತಂದಿಟ್ಟು, ಅದರಲ್ಲಿ ತಮ್ಮ ಮನೆಯ ಹೆಬ್ಬಾಗಿಲು ಮೂಡುವುದನ್ನು ನೋಡಲು ನಿಂತಿದ್ದರು. ಸ್ವಿಚ್ ಒತ್ತಿದೆ. ಆ ಎರಡು ಚಕ್ರ ತಿರುಗತೊಡಗಿದಾಗ ಬ್ಲೇಡು ಕಾಣದಾಯಿತು, ಬರೀ ಒಂದು ಬೆಳ್ಳಿಗೆರೆ ನಿಂತಂತಿತ್ತು. ನನ್ನ ಕೈ ದಿಮ್ಮಿಯ ಮೇಲಿತ್ತು, ಮುಂದಕ್ಕೆ ಹೋಗಲೊಲ್ಲದು. ಒಳ್ಳೆಯ ಮರ ಹಾಳಾದರೆ, ಗೆರೆ ತಪ್ಪಿದರೆ, ಗಂಟು ಸಿಕ್ಕಿ ಬ್ಲೇಡು ಹಾರಿದರೆ. ಜನ ನೋಡುತ್ತಿದ್ದರು. ನಾನು ಮಿಷನ್ ನಿಲ್ಲಿಸಿದೆ. "ಒಂದು ಬೋಲ್ಟ್ ನೋಡಬೇಕು" ಎಂದು ಸುಳ್ಳು ಹೇಳಿ ಬಗ್ಗಿದೆ.

ಆಗ ಅಕ್ಕ ಹೊರಗಿನ ಸೌದೆರಾಶಿಯಿಂದ ನೀಲಗಿರಿಯ ಒಂದು ಸೊಟ್ಟ ತುಂಡು ಎಳೆದುಕೊಂಡು ಬಂದಳು.

"ಮೊದ್ಲು ಬಾಯಿ ತೊಳ್ಸು" ಅಂದಳು.

ಅದು ಗಿರಣಿಯ ಮಾತು. ಮೆಣಸಿನಕಾಯಿ ಬೀಸಿದ ಮೇಲೆ ಯಾರದೋ ಗೋಧಿ ಹಾಕುವ ಮೊದಲು ಅವಳು ಒಂದು ಬೊಗಸೆ ನುಚ್ಚಕ್ಕಿ ಹಾಕಿ ಕಲ್ಲನ್ನು ಚೊಕ್ಕ ಮಾಡುತ್ತಿದ್ದಳು. ಆ ಹಿಟ್ಟು ಯಾರ ಲೆಕ್ಕಕ್ಕೂ ಇಲ್ಲ, ಕೋಳಿಗೆ ಹೋಗುತ್ತದೆ. ಬಾಯಿ ತೊಳೆಸುವುದು ಎಂದರೆ ಅದು.

"ಇದು ಕೆಟ್ರೂ ಒಲೆಗೆ, ಕೆಡದಿದ್ರೂ ಒಲೆಗೆ. ತಳ್ಳು."

ತಳ್ಳಿದೆ. ಸೊಟ್ಟ ತುಂಡು ಎರಡಾಗಿ, ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಇನ್ನೊಂದು ಸಲ ತಳ್ಳಿದೆ. ಮೂರನೆಯ ಸಲಕ್ಕೆ ಗೆರೆ ನೇರ ಬಂತು. ಆಮೇಲೆ ಹಲಸಿನ ದಿಮ್ಮಿ ಹತ್ತಿಸಿದೆ. ಅರಿಸಿನ ಬಣ್ಣದ ಹಲಗೆಯೊಂದು ಗೆರೆ ಎಳೆದ ಹಾಗೆ ಕಳಚಿಕೊಂಡಾಗ ಗಿರಾಕಿ ಅದನ್ನು ಮಗುವಿನ ಬೆನ್ನಿನಂತೆ ಸವರಿದರು. ತಿರುಗಿ ನೋಡಿದರೆ ಅಕ್ಕ ಇರಲಿಲ್ಲ. ಊಟಕ್ಕೆ ಹೋಗಿದ್ದಳು.

ಬೇರೆ ಟ್ರಾನ್ಸ್‌ಫಾರ್ಮರು ಬರಲೇ ಇಲ್ಲ, ಅಲ್ಲಿಂದ ಮುಂದೆ ಮಧ್ಯಾಹ್ನ ನನ್ನದಾಯಿತು. ಅವಳ ಬೆಲ್ಟಿನ ಪಟಪಟ ನಿಂತರೆ ನನ್ನದು ಶುರು. ಚಂದಕವಾಡಿ, ಉಡಿಗಾಲದಿಂದೆಲ್ಲ ದಿಮ್ಮಿ ಬರತೊಡಗಿದವು. ನನ್ನ ಚಿಂತೆಯೇನೂ ಕಡಿಮೆಯಾಗಲಿಲ್ಲ, ಕೆಲಸದ ಜೊತೆ ಅದೂ ಬೆಳೆಯಿತು. ದಿನಾ ಬೆಳಿಗ್ಗೆ ಗಿರಣಿಗೆ ಹೋಗಿ ವರದಿ ಒಪ್ಪಿಸುವುದು ರೂಢಿಯಾಯಿತು. ಬೇರಿಂಗಿನಲ್ಲಿ ಏನೋ ಸದ್ದು, ಆಮ್ಯಾಕೆ. ಬ್ಲೇಡಿನ ಬೆಸುಗೆ ಬಿಡುವ ಹಾಗಿದೆ, ಆಮ್ಯಾಕೆ. ನಿಮ್ಮ ಗಿರಾಕಿ ನನ್ನಿಂದ ಕಡಿಮೆಯಾಗಿದ್ದಾರಾ ಅಕ್ಕ, ಎಂದು ಕೇಳಿದರೆ ಮಾತ್ರ ಅವಳಿಗೆ ಸಿಟ್ಟು ಬರುತ್ತಿತ್ತು. "ಮಧ್ಯಾನ ಗೊರ್ಕೆ ಒಡೀತೀನಿ ಕಣ್ಲಾ, ಮದ್ವೆಯಾದ್ಮ್ಯಾಕೆ ಇಂಗೆ ನಿದ್ದೆ ಮಾಡೇ ಇಲ್ಲ. ಓಗು ಅತ್ಲಾಗೆ."

ಒಮ್ಮೆ ಬೇರೆ ಊರಿನ ಅಂಗಡಿಯೊಂದರಲ್ಲಿ ಯಾರೋ ಬೆರಳು ಕಳೆದುಕೊಂಡರೆಂದು ಕೇಳಿ ನಾನು ಎರಡು ದಿನ ಮಿಷನ್ನಿನ ಹತ್ತಿರ ಹೋಗಲಿಲ್ಲ. ಮಾರಿಬಿಡುತ್ತೇನೆ ಎಂದು ಅವಳಿಗೆ ಹೇಳಿದೆ. ಅಂದು ಅವಳು ಆಮ್ಯಾಕೆ ಅನ್ನಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಪರೂಪಕ್ಕೆ ಮೆಲ್ಲಗೆ ಹೇಳಿದಳು: "ಬೆರಳ ಮ್ಯಾಲೆ ಗ್ಯಾನ ಇಟ್ಟು ಕುಯ್ಯಿ. ಮಾರದು ಗೀರದು ಅನ್ಬ್ಯಾಡ. ನಾನು ಮಧ್ಯಾನ ಬುಟ್ಕೊಟ್ಟಿರದು ಆಟಕ್ಕಲ್ಲ."

ಬೈದಿದ್ದರೆ ಮರೆಯುತ್ತಿದ್ದೆನೇನೋ. ಮೆಲ್ಲಗೆ ಹೇಳಿದ್ದರಿಂದ ಮರುದಿನವೇ ಸ್ವಿಚ್ ಒತ್ತಿದೆ.

ಅಕ್ಕ ಹೋದದ್ದು ಕಳೆದ ಚಳಿಗಾಲದಲ್ಲಿ. ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ಚಂದಕವಾಡಿಗೆ ಹೋದವಳು ಅಲ್ಲೇ ಮಾತಾಡುತ್ತಾ ಕುಸಿದಳಂತೆ. ತಲೆಯಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು. ನಾನು ಹೋದಾಗ ಕೂರಿಸಿ ವಿಭೂತಿ ಹಚ್ಚಿದ್ದರು. ಮುಖದಲ್ಲಿ ಹಿಟ್ಟಿರಲಿಲ್ಲ. ಹುಬ್ಬು ಕಪ್ಪಗಿತ್ತು. ಯಾರೋ ಬೇರೆಯವರ ಮನೆಗೆ ತಪ್ಪಿ ಬಂದೆನೇನೋ ಎನ್ನಿಸಿತು.

ಕಾರ್ಯವೆಲ್ಲ ಕಳೆದ ಮೇಲೆ ಅವಳ ತಂಗಿ ಗಿರಣಿ ಖಾಲಿ ಮಾಡಲು ಬಂದರು. ಮಧ್ಯಾಹ್ನದ ಹೊತ್ತು. ನಾನು ಮಿಷನ್ ನಿಲ್ಲಿಸಿ ಸಹಾಯಕ್ಕೆ ಹೋದೆ. ಎಷ್ಟೋ ವರ್ಷದ ಬಳಕೆಯಿದ್ದರೂ ಮಧ್ಯಾಹ್ನ ನಾನು ಆ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಒಳಗೆ ಮಬ್ಬು. ನಮ್ಮೆರಡು ಕಟ್ಟಡದ ನಡುವಿನ ಸಂದಿಗೆ ತೆರೆಯುವ, ಕದವಿಲ್ಲದ ಕಿಟಕಿಗೆ ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಮೊಳೆಗೆ ಬಿಗಿಯಲಾಗಿತ್ತು. ಊರಿಗೆ ಹೋಗುವ ದಿನವೂ ಕಟ್ಟಿಯೇ ಹೋಗಿರಬೇಕು. ಅದರ ಕೆಳಗೆ ಒಂದು ಬಕೆಟ್ಟು.

"ಇದೇನು ಇಲ್ಲಿ?" ಎಂದು ಸೀರೆಯನ್ನು ಎಳೆದೆ. ಒಣಗಿ ರಟ್ಟಿನಂತಾಗಿತ್ತು. ಹೊರಬದಿಯೆಲ್ಲ ಅರಿಸಿನದ ಬಣ್ಣ. ಕೈಗೆ ಹತ್ತಿದ್ದನ್ನು ಮೂಸಿದೆ. ಹಲಸಿನ ಮರದ ಪುಡಿ.

ತಂಗಿ ನನ್ನ ಮುಖ ನೋಡಿ ಸಂಕೋಚದಿಂದ ನಕ್ಕರು. "ನಿಮ್ಗೆ ಏಳ್ಬ್ಯಾಡ ಅಂದಿದ್ಲು ಕಣಣ್ಣ. ಇಟ್ಟಿಗೆ ಬರೋರ್ಗೂ ಅಂಗೇ ಏಳಿದ್ಲು. ಮೊದ್ಲು ಮೊದ್ಲು ಯಾರದೋ ಅಕ್ಕಿ ಇಟ್ಟಲ್ಲಿ ಪುಡಿ ಬಿದ್ದು ರೊಟ್ಟಿ ಅಳ್ದಿ ಆಗಿತ್ತಂತೆ. ಅವತ್ತಿಂದ ದಿನಾ ಮಧ್ಯಾನ ಈ ಸೀರೆ ನೆನ್ಸಿ ಕಟ್ಟೋಳು. ಒಣಗ್ದಂಗೆ ನೀರು ಚಿಮುಕ್ಸಿಕಂಡು ಇಲ್ಲೇ ಕೂತಿರೋಳು."

"ಮಲಗ್ತೀನಿ ಅಂತಿದ್ರು."

"ಎಲ್ಲಿ ಮಲಗ್ತಾಳೆ? ನಾನೂ ಬೈದೆ, ಪಕ್ಕದೋರ್ಗೆ ಒಂದ್ ಮಾತು ಏಳಬಾರ್ದಾ ಅಂತ. 'ಅವ್ನಿಗೆ ಏಳುದ್ರೆ ಮಾರ್ನೇ ದಿನ ಮಿಷನ್ ಮಾರ್ಬುಡ್ತಾನೆ, ಸುಮ್ಗಿರು' ಅಂದ್ಲು."

ನಿಜ. ಮಾರುತ್ತಿದ್ದೆ. ಆ ಸಂಜೆಯೇ ಲಾರಿ ಕರೆಸುತ್ತಿದ್ದೆ.

ಕಿಟಕಿಯಿಂದ ಹೊರಗೆ ನೋಡಿದೆ. ಹಾವಿರಬಹುದೆಂಬ ಭಯಕ್ಕೆ ನಾನು ಎಂದೂ ಇಳಿಯದ ಆ ಸಂದು, ಆಳೆತ್ತರ ಗಿಡ, ಎಲೆಗಳ ಮೇಲೆಲ್ಲ ಹಳದಿ. ನೇರ ಎದುರಿಗೆ, ಕೈ ಚಾಚಿದರೆ ಸಿಗುವಂತೆ, ಮರದ ಪುಡಿಯನ್ನು ಹೊರಗೆ ತಳ್ಳುವ ನನ್ನ ಫ್ಯಾನು. ಮಿಷನ್ ಬರುವ ಮೊದಲೇ ನನ್ನ ಶ್ವಾಸಕೋಶದ ಚಿಂತೆಗೆ ಹಾಕಿಸಿದ್ದು. ರಸ್ತೆಯ ಕಡೆಗಿದ್ದರೆ ಹೋಗಿಬರುವವರ ಕಣ್ಣಿಗೆ ಬೀಳಬಹುದು, ಹಿಂದಿನ ಕಡೆಗಿದ್ದರೆ ಯಾರೋ ಒಣಹಾಕಿದ ಬಟ್ಟೆಗೆ ಹತ್ತಬಹುದು ಎಂದೆಲ್ಲ ಯೋಚಿಸಿ, ಯಾರಿಗೂ ತೊಂದರೆಯಿಲ್ಲವೆಂದು ಆರಿಸಿದ ಜಾಗ.

ಮಿಷನ್ ಉರುಳಲಿಲ್ಲ, ನೆಲ ಕುಸಿಯಲಿಲ್ಲ, ಬೆರಳು ಹೋಗಲಿಲ್ಲ, ಅಕ್ಕನ ಮೋಟರು ಸುಡಲಿಲ್ಲ. ಫ್ಯಾನನ್ನು ತಪ್ಪು ಗೋಡೆಗೆ ಹಾಕಿಸಿದ್ದೆ, ಅಷ್ಟೇ.