ಅಣ್ಣನ ಅಂಬಲಿಯಲ್ಲಿ ಬೆರೆಸಿದ ಪುಡಿ

ಸರ್ಟುಯಿನ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಮೊಬೈಲಿನ ಒಂದು ವಿಡಿಯೊದಲ್ಲಿ. ಮೈಯ ಕಣಕಣದೊಳಗೂ ಇರುವ ಕಿಣ್ವವಂತೆ. ಒಳಗಿನ ಡಿಎನ್‌ಎ ಎಳೆ ಹರಿದರೆ ಕೂಡಿಸುತ್ತದಂತೆ, ಮುಪ್ಪನ್ನು ತಡೆಯುತ್ತದಂತೆ. ಅದಕ್ಕೆ ಬಲ ಕೊಡುವ ಮಾತ್ರೆಯೂ ಸಿಗುತ್ತದಂತೆ.

ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟವನು. ಆದರೆ ಎಳೆಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ. ರಬಕವಿಯಲ್ಲಿ ಮೂವತ್ತು ವರ್ಷ ಪಾವರ್‌ಲೂಮ್ ನಡೆಸಿದ್ದೇನೆ. ಹಾಸಿನ ಉದ್ದ ನೂಲುಗಳಲ್ಲಿ ಒಂದು ಎಳೆ ಹರಿಯಿತೋ, ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಯಾವ ಎಳೆ, ಯಾಕೆ ಹರಿಯಿತು ಎಂದು ಕೇಳುತ್ತ ಕೂರುವುದಿಲ್ಲ.

ಅಣ್ಣನಿಗೆ ಕರುಳಿನ ಕ್ಯಾನ್ಸರ್, ಕಿಮೋ ನಡೆದಿತ್ತು. ಅವನಿಗೆ ಹೇಳಿದರೆ ಬೇಡ ಅನ್ನುತ್ತಿದ್ದ. ಡಾಕ್ಟರನ್ನು ಕೇಳಲು ನನಗೆ ಬಿಗುಮಾನ. ಆ ಮಾತ್ರೆ ತರಿಸಿ, ಮೂರು ವಾರ ಪುಡಿ ಮಾಡಿ ಅಂಬಲಿಯಲ್ಲಿ ಬೆರೆಸಿ ಕೊಟ್ಟೆ. ಮುಖದಲ್ಲಿ ಸ್ವಲ್ಪ ಕಳೆ ಬಂದಂತೆ ಕಂಡಿತು. ಮುಂದಿನ ತಪಾಸಣೆಗೆ ಜಮಖಂಡಿಗೆ ಹೋದಾಗ, ಅಣ್ಣನ ಎದುರಿಗೇ ಡಾಕ್ಟರಿಗೆ ಹೆಮ್ಮೆಯಿಂದ ಹೇಳಿಬಿಟ್ಟೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಯಾರ್ನ ಕೇಳಿ ಕೊಟ್ರಿ?"

"ಹರದದ್ದು ಕೂಡಸ್ತೈತ್ರಿ ಅದು."

"ಕಿಮೋ ಏನ್ ಮಾಡ್ತೈತಿ ಗೊತ್ತೈತೇನ್ರಿ? ಕ್ಯಾನ್ಸರ್ ಕಣದ ಎಳಿ ಹರೀತೈತಿ. ಅದನ್ನೂ ಇದು ಕೂಡಿಸಿದ್ರ?"

"ಹಂಗಾರ ರೋಗ ಹೆಚ್ಚಾಗೇತೇನ್ರಿ?"

"ಹೇಳಾಕ ಬರೂದಿಲ್ಲ. ಸರ್ಟುಯಿನ್ ಒಂದಲ್ಲ, ಏಳು ಥರ ಅದಾವು. ಒಂದ್ ಕ್ಯಾನ್ಸರ್ ತಡದದ್ದು ಇನ್ನೊಂದಕ್ಕ ಆಸರ ಆಗಬಹುದು."

"ಹೌದು ಇಲ್ಲ ಅಂತ ಒಂದ್ ಮಾತ್ ಹೇಳ್ರಿ ಸಾಹೇಬ್ರ!"

"ಗೊತ್ತಿದ್ರ ಹೇಳ್ತಿದ್ದಿಲ್ಲೇನ್ರಿ? ಮೊದಲ ಅದನ್ನ ನಿಲ್ಲಸ್ರಿ. ಸ್ಕ್ಯಾನ್ ಮಾಡಿ ನೋಡೂಣು."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಓದಿದವರಿಗೂ ಗೊತ್ತಿಲ್ಲ ಅಂದರೆ, ನನ್ನಂಥವನು ಯಾರನ್ನು ಕೇಳಬೇಕು? ಕೇಳಲೇ ಇಲ್ಲವಲ್ಲ ನಾನು ಎಂಬುದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಅಂದ: "ನಾ ಏನ್ ನಿನ್ನ ಮಗ್ಗ ಅಂತ ತಿಳ್ಕೊಂಡಿಯೇನ್ಲೇ? ನನ್ನ ಹೊಟ್ಟಿಗೆ ಏನ್ ಹಾಕ್ತಿ ಅಂತ ನನಗ ಹೇಳಬಾರ್ದಾಗಿತ್ತೇನು?"

ಸ್ಕ್ಯಾನಿನ ಫಲಿತಾಂಶ ಬಂದ ದಿನ ಅಣ್ಣ ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಒಬ್ಬನೇ ಒಳಗೆ ಹೋದ. ನಾನು ಬೆಂಚಿನ ಮೇಲೆ ಕೂತೆ. ಹೊರಬಂದವನು, "ಗಡ್ಡಿ ಬೆಳದಿಲ್ಲಂತ" ಅಂದ.

"ಮತ್ತ, ಆ ಗುಳಗಿಯಿಂದ ಏನರ..."

"ಅದನ್ನ ನಾ ಕೇಳ್ಲಿಲ್ಲ" ಅಂದು, ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ನನಗಿಂತ ಮುಂದೆ ನಡೆದ.