ದಾರ ಸರಿ ಮಾಡ್ತೀನಿ, ಬಾ

ನನ್ನ ಕೊರಳಿನ ಎಡಗಡೆ ಗಂಟು ಎದ್ದಾಗ ನಮ್ಮತ್ತೆ ಬೈದದ್ದು ಶಿವದಾರಕ್ಕೆ. ಲಿಂಗ ಕಟ್ಟಿಕೊಂಡ ದಾರ ಒರಟಾಗಿ ತಿಕ್ಕಿ ಬಾವು ಬಂದಿದೆ ಎಂಬುದು ಅವರ ತೀರ್ಮಾನ. ಮಾನ್ವಿಯ ಸಂತೆಯಿಂದ ರೇಷ್ಮೆ ದಾರ ತಂದರು. ಗಂಟು ಇಳಿಯಲಿಲ್ಲ. "ಖೊಟ್ಟಿ ಮಾಲು ಕೊಟ್ಟಾನ, ಭಾಡ್ಯಾ!" ಎಂದು ಅಂಗಡಿಯವನಿಗೆ ಶಾಪ ಹಾಕಿ ಇನ್ನೊಂದು ತಂದರು. ದೇವದುರ್ಗದ ತವರಿನಿಂದ ನಮ್ಮವ್ವನೂ ಒಂದು ಕಳಿಸಿದಳು. ನೋವಿಲ್ಲದ ಗಂಟು, ಹಾಗಾಗಿ ನಾನೂ ಸುಮ್ಮನಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು.

ಅದು ನಿಂಬೆಹಣ್ಣಿನಷ್ಟಾದ ಮೇಲೆ ರಾಯಚೂರಿಗೆ ಹೋದೆವು. ಡಾಕ್ಟರು ಮೊದಲು ಕ್ಷಯದ ಗಂಟಿರಬೇಕೆಂದು ಗುಳಿಗೆ ಕೊಟ್ಟರು. ಕರಗದಿದ್ದಾಗ ಚೂರು ಕತ್ತರಿಸಿ ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ನನ್ನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡರು.

"ಇದಕ್ಕ ಸಾರ್ಕೋಮಾ ಅಂತಾರ್ರಿ. ಮಾಂಸಖಂಡದಾಗ ಹುಟ್ಟೋ ಕ್ಯಾನ್ಸರ್. ಕೊರಳಾಗ ಬರೋದು ಭಾಳ ಅಪರೂಪ. ಸುತ್ತಲಿನ ಚಲೋ ಮಾಂಸಾನೂ ಸೇರಿಸಿ ತೆಗೀಬೇಕು. ತಡಾ ಮಾಡಿದ್ರ ಕೈ ಮೀರ್ತದ." ಆಮೇಲೆ ನನ್ನ ಕೊರಳ ಕಡೆ ನೋಡಿ, "ಆಪರೇಶನ್‌ಗೆ ಈ ದಾರ ತೆಗೀಬೇಕಾಗ್ತದ" ಅಂದರು.

ಅತ್ತೆ ಎದ್ದೇ ನಿಂತರು. "ಲಿಂಗ ಮೈಮ್ಯಾಲಿಂದ ಇಳೀತಂದ್ರ ಜೀವ ಇಳಿದಂಗ. ನಡಿ ಮನಿಗಿ!"

ಮಾನ್ವಿಯ ಬಸ್ಸಿನಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಜನರೆದುರೇ ಅಂದೆ, "ಅತ್ತಿ, ನನಗ ಬದುಕಬೇಕಾಗೇದ." ಅವರು ಕಿಟಕಿ ಕಡೆ ತಿರುಗಿ ಕೂತರು. ಮರುದಿನ ನಾನು ಏಳುವಷ್ಟರಲ್ಲಿ ರೊಟ್ಟಿ ಕಟ್ಟಿಕೊಂಡು ಮತ್ತೆ ರಾಯಚೂರಿಗೆ ಹೊರಡಲು ಸಿದ್ಧರಾಗಿದ್ದರು.

ಡಾಕ್ಟರ ಮುಂದೆ ತರಕಾರಿಗೆ ಚೌಕಾಸಿ ಮಾಡಿದ ಹಾಗೆ ಶುರುಮಾಡಿದರು.

"ಲಿಂಗ ಈ ತೋಳಿಗಿ ಕಟ್ಟಲೇನ್ರಿ?"

"ಆ ಕೈಗಿ ಸಲೈನ್ ಹಾಕ್ತೀವ್ರಿ."

"ಮತ್ತ ಆ ತೋಳಿಗಿ?"

"ಅಲ್ಲಿ ಬಿ.ಪಿ. ಪಟ್ಟಿ ಸುತ್ತಬೇಕು."

ಅತ್ತೆ ರೇಗಿ ಡಾಕ್ಟರ ಮನೆಮಾತು ದಖನಿ ಉರ್ದುವಿಗೇ ಇಳಿದರು. "ಗಲೇ ಮೇ ನಕ್ಕೋ, ಹಾತ್ ಕೋ ನಕ್ಕೋ, ತೋ ಸರ್ ಪೇ ಬಾಂಧೂ ಕ್ಯಾ?" ಕೊರಳಿಗೆ ಬೇಡ, ಕೈಗೆ ಬೇಡ, ಹಾಗಾದರೆ ತಲೆ ಮೇಲೆ ಕಟ್ಟಲೇನು ಎಂದು ಜಗಳಕ್ಕೆ ನಿಂತ ಮಾತು. ಡಾಕ್ಟರು ಕ್ಷಣ ಯೋಚಿಸಿ, "ಕಟ್ರಿ ಯವ್ವಾ. ಆಪರೇಶನ್ ಟೊಪ್ಪಿಗಿ ಒಳಗ ಇರ್ತದ" ಅಂದರು. ಅತ್ತೆ ಅಲ್ಲೇ ಚೀಲ ಬಿಚ್ಚಿ ಬಿಳಿ ಬಟ್ಟೆ ಹುಡುಕತೊಡಗಿದರು.

ಹೀಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ತಲೆಯ ಮೇಲೆ ಹೊತ್ತು ಒಳಗೆ ಹೋದೆ. ಎಚ್ಚರವಾದಾಗ ಅತ್ತೆ ಮೊದಲು ಟೊಪ್ಪಿಗೆ ಮುಟ್ಟಿ ನೋಡಿ, ಆಮೇಲೆ ನನ್ನ ಮುಖ ನೋಡಿ, ಗೊಳೋ ಎಂದು ಅತ್ತರು. ಗಂಟಿನ ಜೊತೆ ಒಂದು ನರವೂ ಹೋಗಿತ್ತು, ಎಡಭುಜ ಜೋತುಬಿತ್ತು. ಹೈದರಾಬಾದಿನಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದ ಮೇಲೆ ಸೂರಿಗೆ ತೂಗಿದ ನೆಲುವಿನ ಮೇಲಿನ ಗಡಿಗೆ ಇಳಿಸುವ ಕೆಲಸ ಅತ್ತೆಯದಾಯಿತು. ಗೊಣಗುತ್ತಲೇ ಇಳಿಸಿಕೊಡುತ್ತಿದ್ದರು. ನನಗೆ ಆ ಗೊಣಗಾಟ ಕೇಳುವುದೇ ಸುಖವಾಗಿತ್ತು.

ಗಾಯ ಮಾಗಿ ಶಿವದಾರ ಮತ್ತೆ ಕೊರಳಿಗೆ ಬಂದಾಗಿನಿಂದ ಸೋಮವಾರಕ್ಕೊಮ್ಮೆ ಕರೆಯುತ್ತಿದ್ದರು: "ದಾರ ಸರಿ ಮಾಡ್ತೀನಿ, ಬಾ." ದಾರ ನೆಟ್ಟಗೇ ಇರುತ್ತಿತ್ತು. ಅವರ ಬೆರಳು ಕಲೆಯ ಗುಂಟ ಹೋಗಿ, ಕಿವಿಯ ಕೆಳಗೆ ಒತ್ತಿ, ಕೊರಳ ಬುಡದ ಎಲುಬಿನ ತನಕ ಇಳಿಯುತ್ತಿತ್ತು. "ಹ್ಞಾಂ, ಸರಿ ಅದ, ಹೋಗು."

ವರ್ಷಗಳಾದ ಮೇಲೆ ಡಾಕ್ಟರು, "ಇನ್ನ ಬರಬ್ಯಾಡ್ರಿ, ಪೂರಾ ಗುಣ ಆಗೇದ" ಅಂದರು. ಬೇಸಿಗೆ, ಕೊರಳಿಗೆ ಬೆವರುಸಾಲೆಯಾಗಿ ಲಿಂಗವನ್ನು ತೋಳಿಗೆ ಕಟ್ಟಿಕೊಂಡಿದ್ದೆ. ಸೋಮವಾರ ಅತ್ತೆ ಕರೆದರು: "ದಾರ ಸರಿ ಮಾಡ್ತೀನಿ, ಬಾ."

ಕೊರಳಲ್ಲಿ ದಾರವೇ ಇರಲಿಲ್ಲ. ನಾನು ಹೋಗಿ ಅವರ ಮುಂದೆ ಕೂತು ಕೊರಳು ಬಾಗಿಸಿದೆ.